ಅವ್ವನ ಕೋಣೆಯ ಟೊಳ್ಳು ಬಾಗಿಲು

ಮನೆಯ ಒಳಬಾಗಿಲುಗಳನ್ನು ಬದಲಿಸುತ್ತಿರುವುದು ಗೆದ್ದಲಿಗೆ ಹೆದರಿ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಶಾಲೆಯಲ್ಲಿ ಹೇಳಿದೆ, ಓಣಿಯಲ್ಲಿ ಹೇಳಿದೆ, ಕೇಳದಿದ್ದರೂ ಹಾಲಿನವನಿಗೆ ಹೇಳಿದೆ. ಒಂದು ಗೆದ್ದಲನ್ನೂ ನಾನು ಕಂಡಿರಲಿಲ್ಲ. ಅವ್ವನ ಕೋಣೆಯ ಬಾಗಿಲಿನಿಂದ ಒಂದು ಸದ್ದು ಬರುತ್ತಿತ್ತು. ಅದು ಕೇಳಿದಾಗಲೆಲ್ಲ ನನ್ನ ಹೆಂಡತಿ ಕೈಯಲ್ಲಿದ್ದ ಕೆಲಸ ಬಿಟ್ಟು, ಯಾರೋ ಹೆಸರು ಹಿಡಿದು ಕರೆದವರಂತೆ ಆ ಕಡೆ ತಿರುಗಿ ನಿಲ್ಲುತ್ತಿದ್ದಳು. ಅದನ್ನು ನೋಡಲಾಗದೆ ಬಾಗಿಲು ಬದಲಿಸಿದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ದೆವ್ವ ಅಂದವರನ್ನು ಎದುರಿಗೇ ನಿಲ್ಲಿಸಿಕೊಂಡು ಗೇಲಿ ಮಾಡಿದವನು. ಹೀಗಿರುವಾಗ ಗೆದ್ದಲಿನ ತಲೆಗೆ ಕಟ್ಟದೆ ಬೇರೆ ದಾರಿ ಇರಲಿಲ್ಲ.

ಶಾಮನೂರಿನ ಅಂಚಿಗೆ ಹೊಸ ಬಡಾವಣೆ ಎದ್ದಾಗ ನಾವು ಅಲ್ಲಿ ಮನೆ ಕಟ್ಟಿಸಿದೆವು. ಮುಂಬಾಗಿಲಿಗೆ ಸಾಗವಾನಿಯೇ ಆಗಬೇಕೆಂದು ಅವ್ವ ಹಟ ಹಿಡಿದಿದ್ದಳು. ಚೌಕಟ್ಟು ನಿಲ್ಲಿಸುವ ದಿನ ಅರಿಷಿಣ ಕುಂಕುಮ, ಹಳದಿ ಬಟ್ಟೆಯಲ್ಲಿ ನವಧಾನ್ಯದ ಗಂಟು, ಐದು ಜನ ಮುತ್ತೈದೆಯರು, ಎಲ್ಲ ಆಯಿತು. ಒಳಬಾಗಿಲಿಗೆ ಪೂಜೆಯೂ ಇಲ್ಲ, ಕೇಳುವವರೂ ಇಲ್ಲ. ಅಷ್ಟೊತ್ತಿಗೆ ನನ್ನ ಕೈಯೂ ಖಾಲಿಯಾಗಿತ್ತು. ಅಂಗಡಿಯಲ್ಲಿ ಸಾಲಾಗಿ ಒರಗಿಸಿಟ್ಟಿದ್ದ ರೆಡಿಮೇಡ್ ಬಾಗಿಲುಗಳನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದೆ. ಮೇಲೆ ತೇಗದ ಗೆರೆ ಬರೆದ ಹಾಳೆ, ಒಳಗೆ ಸುತ್ತಲೂ ನಾಲ್ಕು ಪಟ್ಟಿ, ನಡುವೆ ಬರೀ ಗಾಳಿ. ಬೆರಳಿನಿಂದ ತಟ್ಟಿದರೆ ಡಬ್ ಡಬ್ ಅನ್ನುತ್ತಿದ್ದವು. ಮೇಲೆ ಥಳಕು ಒಳಗೆ ಹುಳುಕು ಅಂತ ಹೆಂಡತಿ ಅಂದದ್ದಕ್ಕೆ, ಒಳಗೆ ಹುಳುಕಾದರೂ ಎಲ್ಲಿದೆ, ಏನೂ ಇಲ್ಲ ಎಂದು ನಾನು ನಕ್ಕಿದ್ದೆ.

ಎರಡು ವರ್ಷಕ್ಕೇ ಅವ್ವನ ಕೋಣೆಯ ಬಾಗಿಲಿನ ಬೀಗ ಕಿತ್ತು ಬಂತು. ಅದನ್ನು ತೆಗೆಸಿ ಮೇಲೊಂದು ಚಿಲಕ ಹೊಡೆಸಿದೆ. ಬೀಗ ಕೂತಿದ್ದ ತೂತು ಕದದ ದಂಡೆಯಲ್ಲಿ ಹಾಗೇ ಬಾಯಿ ತೆರೆದುಕೊಂಡು ಉಳಿಯಿತು. ಅದನ್ನು ಮುಚ್ಚಿಸುತ್ತೇನೆ, ಮುಚ್ಚಿಸುತ್ತೇನೆ ಅನ್ನುತ್ತ ವರ್ಷಗಳು ಹೋದವು.

ಅವ್ವ ಕೊಕ್ಕನೂರಿನವಳು. ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ಬೆಳೆಯ ಪಾಲಿನ ಮಾತಿಗೆ ಕೋರಿಗೆ ಹಾಕಿ ನಮ್ಮ ಜೊತೆ ಬಂದು ಇದ್ದಳು. ಕೊರಳಲ್ಲಿ ಲಿಂಗ ಕಟ್ಟಿದ ಜೀವ. ಬೆಳಿಗ್ಗೆ ಎದ್ದು ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಮನೆಯಲ್ಲಿ ಪಾತ್ರೆ ಸದ್ದು ಮಾಡುವ ಹಾಗಿಲ್ಲ. ಮೊಟ್ಟೆ ಬೇಯಿಸುವ ಮನೆಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಅದನ್ನು ಮುಖದ ಮೇಲೆ ಹೇಳಲು ಅಂಜುತ್ತಲೂ ಇರಲಿಲ್ಲ. ಈ ವಿಷಯಕ್ಕೆ ನನಗೂ ಅವಳಿಗೂ ಜಟಾಪಟಿ ನಡೆಯುತ್ತಲೇ ಇರುತ್ತಿತ್ತು. ನಾನೂ ಬಾಯಿ ಬಿಗಿ ಹಿಡಿಯುವವನಲ್ಲ.

ಒಮ್ಮೆ ಎದೆನೋವು ಬಂದು, ದಾವಣಗೆರೆಯ ಆಸ್ಪತ್ರೆಯಲ್ಲಿ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿ ಕಳಿಸಿದರು. ಎರಡು ದುಂಡನೆಯ ಮಾತ್ರೆ, ಒಂದು ಕ್ಯಾಪ್ಸೂಲು, ಒಂದು ದಿನವೂ ತಪ್ಪಬಾರದು ಎಂದರು. ಕ್ಯಾಪ್ಸೂಲು ಅರ್ಧ ಕೆಂಪು, ಅರ್ಧ ಹಳದಿ. ಅವ್ವ ಅದನ್ನು ಬಣ್ಣದ ಗುಳಿಗೆ ಅನ್ನುತ್ತಿದ್ದಳು. ಬೆಳಿಗ್ಗೆ ಅವಳು ರೊಟ್ಟಿ ತಿಂದಾದ ಮೇಲೆ ನನ್ನ ಹೆಂಡತಿ ಸಣ್ಣ ಸ್ಟೀಲ್ ತಟ್ಟೆಯಲ್ಲಿ ಮೂರನ್ನೂ ಇಟ್ಟು, ಉಗುರುಬೆಚ್ಚಗಿನ ನೀರಿನ ಲೋಟದ ಜೊತೆ ಕೋಣೆಗೆ ಒಯ್ಯುತ್ತಿದ್ದಳು. ಆ ಹೊತ್ತಿಗೆ ನಾನು ಪಡಸಾಲೆಯಲ್ಲಿ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದೆ. ತಟ್ಟೆ ಹೋಗುವುದನ್ನು, ಖಾಲಿಯಾಗಿ ಬರುವುದನ್ನು ದಿನಾ ನೋಡಿದ್ದೇನೆ.

"ಎಲ್ಲಾ ಒಮ್ಮಿಗೇ ಗಂಟಲಾಗೆ ಇಳಿಯಂಗಿಲ್ಲ ಕಣವ್ವಾ. ಇದನ್ನ ಆಮ್ಯಾಲೆ ನುಂಗ್ತೀನಿ, ಕೈಯಾಗ ಕೊಡು," ಎಂದು ಅವ್ವ ಕೆಲವೊಮ್ಮೆ ಹೇಳುವುದು ಹೊರಗೆ ಕೇಳುತ್ತಿತ್ತು. ಹೆಂಡತಿ ಕೈಯಲ್ಲಿಟ್ಟು ಬರುತ್ತಿದ್ದಳು. ಹಿರಿಯ ಜೀವದ ಬಾಯಿ ತೆರೆಸಿ ನೋಡಲು ಬರುತ್ತದೆಯೇ?

ಎರಡು ವರ್ಷ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಅವ್ವ ಹಾಸಿಗೆಯ ಮೇಲೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಅಲ್ಲಿಯ ಓಣಿಯಂಥ ಪಡಸಾಲೆಗೆ ಡಾಕ್ಟರು ಹೊರಗೆ ಬಂದು, ಹಾಕಿದ್ದ ಸ್ಟೆಂಟೇ ಕಟ್ಟಿಕೊಂಡಿದೆ ಎಂದು ಹೇಳಿ, ರಕ್ತ ತೆಳುವಾಗಿಸುವ ಕ್ಯಾಪ್ಸೂಲು ನಡುವೆ ನಿಲ್ಲಿಸಿದ್ದಿರಾ ಎಂದು ಕೇಳಿದರು. ಅವರು ಕೇಳಿದ್ದು ನಮ್ಮೆಲ್ಲರನ್ನು. ಉತ್ತರಕ್ಕೆ ಎಲ್ಲರೂ ನೋಡಿದ್ದು ನನ್ನ ಹೆಂಡತಿಯನ್ನು.

ಹರಿಹರದಲ್ಲಿರುವ ನನ್ನ ಅಕ್ಕ ಆಗಷ್ಟೇ ಬಂದು ಮುಟ್ಟಿದ್ದಳು. ಕೈಯಲ್ಲಿ ಅವ್ವನಿಗೆಂದು ತಂದ ಎಳನೀರು. ಅವಳು ಅಳುವುದಕ್ಕಿಂತ ಮೊದಲು ಆಡಿದ್ದು ಒಂದು ಮಾತು.

"ಹೊತ್ತಿಗೆ ಸರಿಯಾಗಿ ಒಂದು ಮಾತ್ರೆ ಕೊಡಾಕೂ ಪುರುಸೊತ್ತು ಇರಲಿಲ್ಲೇನು ನಿನಗೆ?"

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಕೊಕ್ಕನೂರಿನ ಚಿಕ್ಕಪ್ಪ ಇದ್ದರು, ದೊಡ್ಡವ್ವ ಇದ್ದಳು, ಬೀಗರ ಮನೆಯವರಿದ್ದರು. ನಾನು ನನ್ನ ಚಪ್ಪಲಿಯನ್ನು ನೋಡಿಕೊಂಡು ನಿಂತೆ. ದಿನಾ ಕೊಡುತ್ತಿದ್ದಳು, ನಾನೇ ಕಂಡಿದ್ದೇನೆ ಅನ್ನಲು ಎಷ್ಟು ಹೊತ್ತು ಬೇಕು? ದುಃಖದಲ್ಲಿ ನಾಲಿಗೆ ಏಳಲಿಲ್ಲ ಎಂದು ಆಮೇಲೆ ಸಮಾಧಾನ ಹೇಳಿಕೊಂಡೆ. ಅದು ಅರ್ಧ ಸತ್ಯ. ಯಾರದೋ ತಪ್ಪಿನಿಂದ ಅವ್ವ ಹೋದಳು ಎಂದಾದರೆ ನನಗೆ ಆ ಗಳಿಗೆಯಲ್ಲಿ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಂತಾಗುತ್ತಿತ್ತು. ಅದು ನನ್ನ ತಪ್ಪಾಗಿರದಿದ್ದರೆ ಸಾಕಿತ್ತು.

ಕೊಕ್ಕನೂರಿನ ನಮ್ಮ ಹೊಲದಲ್ಲಿ ಮಣ್ಣು ಕೊಟ್ಟು ಬಂದೆವು. ಆ ದಿನದಿಂದ ನನ್ನ ಹೆಂಡತಿಯನ್ನು ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಅವಳು ಉತ್ತರ ಕೊಡುತ್ತಿದ್ದಳು, ಅವಳೇನು ಬಾಯಿಲ್ಲದವಳಲ್ಲ. ಮದುವೆ ಮುಂಜಿಗೆ ಹೋದರೆ ಹಿರಿಯರ ಪಂಕ್ತಿಗೆ ಬಡಿಸಲು ಅವಳನ್ನು ಕರೆಯುತ್ತಿರಲಿಲ್ಲ. ಅವಳು ಬಂದು ಕೂತರೆ ಹೆಂಗಸರ ಮಾತು ಬೇರೆ ದಾರಿ ಹಿಡಿಯುತ್ತಿತ್ತು. "ಎಷ್ಟಾದ್ರೂ ಹೊಟ್ಯಾಗ ಹುಟ್ಟಿದ ಮಗಳು ನೋಡಿದಂಗೆ ಆಗ್ತದಾ," ಎಂದು ಒಬ್ಬಾಕೆ ಬೆನ್ನ ಹಿಂದೆ ಹೇಳಿದ್ದನ್ನು ಅವಳು ಕೇಳಿಸಿಕೊಂಡು ಮನೆಗೆ ಬಂದು ನನಗೆ ಹೇಳಿದಳು. ಬಿಡು, ಜನರ ಬಾಯಿಗೆ ಬೀಗ ಹಾಕಲಾಗುತ್ತದೆಯೇ ಎಂದೆ. ನಾಲ್ಕು ವರ್ಷ ಅದೇ ಮಾತನ್ನು ಹೇಳಿದೆ.

ಸದ್ದು ಶುರುವಾದದ್ದು ಮಣ್ಣು ಕೊಟ್ಟು ಬಂದ ಐದಾರು ದಿನಕ್ಕೆ. ಅವ್ವ ಇದ್ದಾಗ ಆ ಬಾಗಿಲಿಗೆ ಒಂದು ಕಲ್ಲು ಆನಿಸಿಟ್ಟು ಅರೆ ತೆರೆದೇ ಇಡುತ್ತಿದ್ದಳು. ಕೋಣೆ ತೊಳೆಯುವಾಗ ಯಾರೋ ಆ ಕಲ್ಲನ್ನು ಎತ್ತಿ ಹೊರಗೆಸೆದರು. ಗಾಳಿಗೆ ಕದ ತಾನಾಗಿ ಹೊರಳಿ ಚೌಕಟ್ಟಿಗೆ ಬಡಿಯತೊಡಗಿತು. ಬಡಿದ ಸದ್ದಿನ ಹಿಂದೆಯೇ ಇನ್ನೊಂದು ಸಣ್ಣ ಸದ್ದು. ಹುರಿದ ಪುಠಾಣಿ ಕಾಳಿನ ಡಬ್ಬಿಯನ್ನು ಮೆಲ್ಲಗೆ ಅಲುಗಿಸಿದಂತೆ, ಕೆಳಗೆಲ್ಲೋ ಸರಸರ ಹರಿದು ನಿಲ್ಲುವುದು. ಅವ್ವ ಇದ್ದಾಗಲೂ ಅದು ಆಗುತ್ತಿತ್ತೋ ಏನೋ. ಆ ಕೋಣೆಯ ಸದ್ದಿಗೆ ಆಗ ಯಾರು ಕಿವಿ ಕೊಟ್ಟಿದ್ದರು?

"ಅತ್ತೆ ಅದಾರೆ ಅಲ್ಲೇ," ಎಂದಳು ಹೆಂಡತಿ. "ಕದ ತಟ್ಟಿ ಗುಳಿಗಿ ಕೇಳ್ತಾರೆ."

"ಗೆದ್ದಲು ಕಣೇ. ಹಾಳು ಬಾಗಿಲು, ಒಳಗೆ ಪುಡಿಯಾಗಿ ಉದುರ್ತೈತೆ."

"ನಾನು ಒಂದೊಂದು ದಿನ ಮರೆತಿದ್ನೇನ್ರೀ?"

ಆ ಪ್ರಶ್ನೆ ನನಗೆ ಅಲ್ಲ, ತನಗೇ ಕೇಳಿಕೊಂಡದ್ದು. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮೊದಲ ವರ್ಷ ತಾನು ಕೊಟ್ಟಿದ್ದೇನೆ ಎಂದು ಅವಳು ಗಟ್ಟಿಯಾಗಿ ಹೇಳುತ್ತಿದ್ದಳು. ಎರಡನೆಯ ವರ್ಷ ಮೆಲ್ಲಗೆ. ಮೂರನೆಯ ವರ್ಷಕ್ಕೆ ಅವಳು ದಿನಗಳನ್ನು ಹುಡುಕತೊಡಗಿದಳು. ತನ್ನ ತವರಿಗೆ ಹೋಗಿದ್ದ ದಿನ ಯಾರು ಕೊಟ್ಟರು, ಜ್ವರ ಬಂದು ಮಲಗಿದ್ದ ವಾರ ಏನಾಯಿತು ಎಂದು ಒಲೆಯ ಮುಂದೆ ನಿಂತು ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ಹತ್ತು ಜನ ಹೇಳಿದರೆ ಆಡೂ ನಾಯಿಯಾಗುತ್ತದೆ ಎಂದು ನಾನು ಮಕ್ಕಳಿಗೆ ಕಥೆ ಹೇಳುತ್ತೇನೆ. ನನ್ನ ಮನೆಯಲ್ಲೇ ಅದು ನಡೆಯುತ್ತಿದ್ದುದನ್ನು ನೋಡುತ್ತ ಕೂತಿದ್ದೆ.

ಒಂದು ರಜೆಯ ಮಧ್ಯಾಹ್ನ ಹೆಂಡತಿ ಪೇಟೆಗೆ ಹೋಗಿದ್ದಳು. ಉರಿಬಿಸಿಲು. ಯಾವುದೋ ಕಾಗದ ಹುಡುಕುತ್ತ ಅವ್ವನ ಕೋಣೆಗೆ ಹೋಗಿ ಮಂಚದ ಮೇಲೆ ಕೂತೆ. ಗೋಡೆಯ ಗೂಡಿನಲ್ಲಿ ಅವಳ ವಿಭೂತಿ ಗಟ್ಟಿ ಹಾಗೇ ಇತ್ತು, ಅದರ ವಾಸನೆ ನಾಲ್ಕು ವರ್ಷಕ್ಕೂ ಹೋಗಿರಲಿಲ್ಲ. ಗಾಳಿ ಇರಲಿಲ್ಲ. ಕಿಟಕಿಯ ಪರದೆ ಅಲುಗುತ್ತಿರಲಿಲ್ಲ. ಆದರೂ ಕದ ಒಂದು ಗೇಣು ಹೊರಳಿತು. ಹೊರಳಿ ನಿಂತಿತು. ಆಮೇಲೆ ಆ ಸದ್ದು, ಅದರ ಹೊಟ್ಟೆಯೊಳಗೆ, ನಿಧಾನವಾಗಿ. ಕಟ್ಟಡ ಇಳಿಜಾರಾಗಿದ್ದರೆ ಕದ ತಾನಾಗಿ ಸರಿಯುತ್ತದೆ ಎಂದು ನನಗೆ ಗೊತ್ತು, ನಾನು ಅದನ್ನು ಕಲಿಸಬಲ್ಲೆ. ಆದರೆ ನನ್ನ ಬಾಯಿಂದ ಬಂದದ್ದು, "ಅವ್ವಾ?" ಎಂಬ ಒಂದು ಮಾತು. ಕಾಗದ ಹುಡುಕುವುದನ್ನು ಬಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಬಿಸಿಲಲ್ಲೇ ಕೂತೆ.

ಅವತ್ತು ಸಂಜೆಯೇ ಬಾಗಿಲು ಬದಲಿಸುವ ಮಾತೆತ್ತಿದೆ. ಬದಲಿಸುವುದಾದರೆ ಎಲ್ಲವನ್ನೂ, ಗಟ್ಟಿ ಮರದ್ದೇ, ತಟ್ಟಿದರೆ ಕೈ ನೋಯಬೇಕು ಅಂಥದ್ದು ಎಂದೆ. ಹಳೆಯ ಮನೆ ಕೆಡವಿದವರ ಸಾಗವಾನಿ ಬಾಗಿಲುಗಳು ಸಿಗುತ್ತವೆ, ಒಳ್ಳೆಯ ಮಾಲು ಎಂದು ಯಾರೋ ಹೇಳಿದ್ದರು. ಹೆಂಡತಿ ಕೈ ಮುಗಿದಳು.

"ನಮ್ಮನಿ ದೆವ್ವನೇ ನಮಗೆ ಸಾಕಾಗೈತೆ. ಬ್ಯಾರೆಯವ್ರ ಮನೇದು ಬ್ಯಾಡ್ರೀ."

ಬಹಳ ದಿನದ ಮೇಲೆ ಇಬ್ಬರೂ ನಕ್ಕೆವು. ಹರಿಹರ ರಸ್ತೆಯ ಸಾಮಿಲ್ಲಿಗೆ ಹೋಗಿ ಹೊಸ ಹೊನ್ನೆ ಮರ ಕೊಯ್ಯಿಸಿದೆ.

ಬಡಗಿ ಮೇಸ್ತ್ರಿ ವಯಸ್ಸಾದವನು, ಮಾತು ಕಡಿಮೆ. ಅಂಗಳದಲ್ಲೇ ಹಲಗೆ ಹರಡಿ ಹದಿನೈದು ದಿನ ಕೆಲಸ ಮಾಡಿದ. ಕದಗಳು ಸಿದ್ಧವಾದ ಮೇಲೆ ಹಳೆಯವನ್ನು ಒಂದೊಂದೇ ಬಿಚ್ಚತೊಡಗಿದ. ಅಡುಗೆಮನೆಯದು, ನಮ್ಮ ಕೋಣೆಯದು ಅವನ ಒಂದೇ ಕೈಯಲ್ಲಿ ಎದ್ದು ಬಂದವು. ಅವ್ವನ ಕೋಣೆಯದನ್ನು ಚೌಕಟ್ಟಿನ ಕೀಲುಗಳಿಂದ ಬಿಡಿಸಿ ಎತ್ತಿದವನು ಅಲ್ಲೇ ನಿಂತ.

"ಸಾರ್, ಇದರಾಗ ಏನೋ ಐತೆ."

ಕದವನ್ನು ಅಡ್ಡ ಹಿಡಿದು ಓರೆ ಮಾಡಿದ. ಸದ್ದು ಆ ತುದಿಯಿಂದ ಈ ತುದಿಗೆ ಹರಿಯಿತು. ಮತ್ತೆ ಆಚೆ ಓರೆ ಮಾಡಿದ. ಮತ್ತೆ ಹರಿಯಿತು. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಒಡೀಲಾ ಎಂದು ಮೇಸ್ತ್ರಿ ಕೇಳಿದ. ನಾನು ತಲೆಯಾಡಿಸಿದೆ. ಅಂಗಳಕ್ಕೆ ಒಯ್ದು ಮಲಗಿಸಿ ಕೆಳಗಿನ ಪಟ್ಟಿಯ ಸಂದಿಗೆ ಉಳಿ ಇಟ್ಟು ನಾಲ್ಕು ಏಟು ಹಾಕಿದ. ಪಟ್ಟಿ ಕಳಚಿತು. ಕದವನ್ನು ಎತ್ತಿ ನಿಲ್ಲಿಸಿದ.

ಕ್ಯಾಪ್ಸೂಲುಗಳು ಸುರಿದವು. ಕೆಲವು ಮಳೆಗಾಲದ ತಂಪಿಗೆ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಕೆಲವು ಒಡೆದು ಬಿಳಿ ಪುಡಿ ಚೆಲ್ಲಿದ್ದವು. ಉಳಿದವು ಇನ್ನೂ ನಿನ್ನೆಯವು ಅನ್ನುವಂತೆ ಹೊಳೆಯುತ್ತಿದ್ದವು, ಅರ್ಧ ಕೆಂಪು, ಅರ್ಧ ಹಳದಿ. ಇಲಿ ತಂದಿಟ್ಟಾವೇನೋ ಎಂದ ಮೇಸ್ತ್ರಿ. ನಮ್ಮ ಮುಖ ನೋಡಿ ಬೀಡಿ ನೆಪದಲ್ಲಿ ಗೇಟಿನ ಹೊರಗೆ ಹೋದ.

ಹೆಂಡತಿ ಕುಕ್ಕರಗಾಲಲ್ಲಿ ಕೂತು ಅವನ್ನು ಬೆರಳಿನಿಂದ ಹರವಿದಳು.

"ಬರೇ ಬಣ್ಣದವು. ದುಂಡಗಿನವು ಒಂದೂ ಇಲ್ಲ ನೋಡ್ರಿ," ಎಂದಳು. ಒಂದನ್ನು ಬೆರಳಲ್ಲಿ ಎತ್ತಿ ಹಿಡಿದು, "ನಾನು ಕೊಟ್ಟಿದ್ದೆ," ಎಂದಳು. "ಕೊಟ್ಟಿದ್ದೆ ನಾನು. ದಿನಾ ಕೊಟ್ಟಿದ್ದೆ." ಆಮೇಲೆ ಅಂಗಳದ ಮರದ ಹೊಟ್ಟಿನಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾಲ್ಕು ವರ್ಷದಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವ್ವ ಸತ್ತ ದಿನವೂ ಅವಳಿಗೆ ಅಳಲು ನಾವು ಬಿಟ್ಟಿರಲಿಲ್ಲ.

ಬೀಗದ ತೂತು ಅವ್ವನ ಮಂಚದಿಂದ ಕೈಯಳತೆಯಲ್ಲಿತ್ತು. ಕಸದಲ್ಲಿ ಹಾಕಿದರೆ ಗುಡಿಸುವ ಸೊಸೆಗೆ ಕಾಣುತ್ತದೆ, ಕಿಟಕಿಯಾಚೆ ಎಸೆದರೆ ಅಲ್ಲಿ ಅವಳೇ ನೆಟ್ಟ ತುಳಸಿ. ಆ ತೂತಿನೊಳಗೆ ಹಾಕಿದರೆ ಯಾರಿಗೂ ಕಾಣದು. ಅಷ್ಟು ನನಗೆ ಕೂಡಲೇ ಹೊಳೆಯಿತು.

"ಆದರೆ ಯಾಕ? ಉಳಿದ ಎರಡು ನುಂಗಿ ಇದೊಂದನ್ನ ಯಾಕ ನುಂಗಲಿಲ್ಲ?" ಎಂದು ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

ಯಾರಿಗೆ ಗೊತ್ತು ಎಂದೆ. ಹಾಗೆ ಅನ್ನುವಾಗಲೇ ನನಗೆ ನೆನಪು ಬಂದಿತ್ತು.

ಸ್ಟೆಂಟ್ ಹಾಕಿಸಿ ಬಂದ ಕೆಲವು ತಿಂಗಳಿಗೆ, ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮಗುವಿನ ಹುಟ್ಟುಹಬ್ಬದ ಕೇಕು ಹಿಡಿದುಕೊಂಡು ಮನೆಗೆ ಬಂದಿದ್ದರು. ಮೊಟ್ಟೆ ಹಾಕಿರ್ತೀರಿ, ಒಯ್ಯಿರಿ ಎಂದು ಅವ್ವ ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದಳು. ನನಗೆ ಮುಖ ಎತ್ತಲಾಗಲಿಲ್ಲ. ಮರುದಿನ ಬೆಳಿಗ್ಗೆಯೂ ಆ ಸಿಟ್ಟು ಇಳಿದಿರಲಿಲ್ಲ. ಹೆಂಡತಿ ತಟ್ಟೆ ಇಟ್ಟು ಹಿತ್ತಲಿಗೆ ಹೋಗಿದ್ದಳು. ಅವ್ವ ಕ್ಯಾಪ್ಸೂಲನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದಳು, ಸ್ವಲ್ಪ ಮುಂಚೆ ಲಿಂಗವನ್ನು ಇಟ್ಟುಕೊಂಡಿದ್ದ ಅದೇ ಅಂಗೈ. ನಾನು ಬೂಟು ಕಟ್ಟಿಕೊಳ್ಳುತ್ತ ಹೇಳಿದೆ:

"ಕೇಕು ಮೈಲಿಗಿ ನಿನಗೆ. ದಿನಾ ಎಲುಬು ನುಂಗ್ತಿ, ಅದೇನು ಮಡೀನೋ?"

"ಏನ್ ಎಲುಬು?"

"ಆ ಬಣ್ಣದ ಸಿಪ್ಪಿ ಐತಲ್ಲ, ಅದನ್ನ ಮಾಡಾದು ದನದ ಎಲುಬು, ಚರ್ಮ ಕುದಿಸಿ."

"ಖರೇನಾ?"

"ನಾನು ಪಾಠ ಮಾಡ್ತೀನವ್ವಾ. ನನಗ ಗೊತ್ತಿಲ್ಲೇನು?"

ಅವ್ವ ಅಂಗೈಯನ್ನು ನೋಡುತ್ತ ಕೂತಳು. ನಾನು ಗೆದ್ದೆ ಅಂದುಕೊಂಡು ಶಾಲೆಗೆ ಹೋದೆ. ಅವತ್ತು ಅವಳು ಎರಡನೆಯ ಸಲ ಮೈ ತೊಳೆದಳು ಎಂದು ಸಂಜೆ ಹೆಂಡತಿ ಹೇಳಿದ್ದಳು, ಸೆಕೆ ಇರಬೇಕು ಎಂದಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ನನ್ನ ಮಾತು ಎಲ್ಲಿ ಹೋಗಿ ಬಿತ್ತು ಎಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಹೊಸ ಕದಗಳು ಕೂತವು. ಒಳ್ಳೆಯ ಭಾರ. ಗಾಳಿಗೆ ಅಲುಗುವುದಿಲ್ಲ, ಮುಚ್ಚಿದರೆ ಸದ್ದಿಲ್ಲ. ಆದರೆ ಬೆಳಿಗ್ಗೆ ಬೂಟು ಕಟ್ಟಿಕೊಳ್ಳಲು ಬಗ್ಗಿದರೆ ನನಗೆ ಅದು ಕೇಳುತ್ತಿತ್ತು, ಪುಠಾಣಿ ಡಬ್ಬಿಯ ಸದ್ದು. ಮೊದಲು ಹೆಂಡತಿಗೆ ಕೇಳುತ್ತಿದ್ದದ್ದು ಈಗ ನನ್ನ ಪಾಲಿಗೆ ಬಂತು. ಮೂರು ದಿನ ತಡೆದೆ. ನಾಲ್ಕನೆಯ ದಿನ ಅವಳು ಅವ್ವನ ಕೋಣೆಯ ಹೊಸ ಕದಕ್ಕೆ ಎಣ್ಣೆ ಉಜ್ಜುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಕೇಕಿನಿಂದ ಹಿಡಿದು.

ಅವಳು ಎಣ್ಣೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ಕದದ ಕೆಳಗಿನ ಅಂಚಿನವರೆಗೂ ಉಜ್ಜಿ ಮುಗಿಸಿ, "ಅತ್ತೆ ಪೂಜಿ ಬರ್ತೈತೆ. ಎಲ್ಲಾರೂ ಸೇರ್ತಾರೆ. ನನಗ ಹೇಳಿದಂಗೆ ಅವರಿಗೂ ಹೇಳ್ರಿ. ಮತ್ತೇನೂ ಕೇಳಂಗಿಲ್ಲ ನಾನು," ಎಂದಳು. ಹೆಕ್ಕಿ ತೆಗೆದ ಕ್ಯಾಪ್ಸೂಲುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟಿದ್ದಳು. ಡಬ್ಬಿ ನನ್ನ ಕೈಗೆ ಕೊಟ್ಟಳು.

ವರ್ಷದ ಪೂಜೆಯ ದಿನ ಬೆಳಿಗ್ಗೆ ಕೊಕ್ಕನೂರಿಗೆ ಹೋಗಿ ಹೊಲದಲ್ಲಿ ಅವ್ವನ ಗದ್ದುಗೆಗೆ ಹೂವು, ವಿಭೂತಿ, ಎಡೆ ಎಲ್ಲ ಮಾಡಿದೆವು. ಊರಿನ ಮನೆ ಈಗ ನಮ್ಮದಲ್ಲ. ಅದಕ್ಕೆ ಊಟ ಯಾವಾಗಲೂ ಹರಿಹರದಲ್ಲಿ, ಸ್ಟೇಷನ್ನಿನ ಹಿಂದಿನ ಓಣಿಯ ಅಕ್ಕನ ಮನೆಯಲ್ಲಿ. ಪಡಸಾಲೆಯಲ್ಲಿ ಚಾಪೆ ಹಾಸಿ ಇಪ್ಪತ್ತು ಜನ ಕೂತಿದ್ದರು. ಹೋಳಿಗೆಯ ವಾಸನೆ. ಒಂದು ಗೂಡ್ಸ್ ಗಾಡಿ ಹಾದು ಹೋಗುವವರೆಗೆ ಕಾದೆ, ಇಲ್ಲದಿದ್ದರೆ ನನ್ನ ಮಾತು ಕೇಳುತ್ತಿರಲಿಲ್ಲ.

ಆಮೇಲೆ ಎದ್ದು ನಿಂತು ಹೇಳಿದೆ. ಡಬ್ಬಿಯ ಮುಚ್ಚಳ ತೆಗೆದು ಚಾಪೆಯ ನಡುವೆ ಇಟ್ಟೆ. ಇವಳು ದಿನಾ ಕೊಟ್ಟಿದ್ದಾಳೆ, ಅವ್ವ ನುಂಗಿಲ್ಲ, ನುಂಗದ ಹಾಗೆ ಮಾಡಿದವನು ನಾನು ಎಂದೆ. ಪಾಠ ಮಾಡುವ ದನಿ ಬಂದುಬಿಟ್ಟಿತ್ತೇನೋ.

ಅಕ್ಕ ಬಗ್ಗಿ ಡಬ್ಬಿಯೊಳಗೆ ನೋಡಿದಳು.

"ಸತ್ತ ಅವ್ವನ ಮ್ಯಾಲೆ ತಪ್ಪು ಹಾಕಾಕೆ ಬಂದೇನು ತಮ್ಮಾ? ಅದೂ ಆಕಿ ಪೂಜಿ ದಿನ?"

"ಅವ್ವನ ಮ್ಯಾಲೆ ಅಲ್ಲ ಅಕ್ಕಾ, ನನ್ನ ಮ್ಯಾಲೆ..."

ದೊಡ್ಡವ್ವ ಗೋಡೆಗೆ ಒರಗಿ ಎಲೆಅಡಿಕೆ ಮೆಲ್ಲುತ್ತಿದ್ದಳು. ಕೆಟ್ಟ ಹೆಂಗಸಲ್ಲ, ನನ್ನನ್ನು ಎತ್ತಿ ಆಡಿಸಿದವಳು. ಅವಳು ಡಬ್ಬಿಯನ್ನು ಕಾಲಿನಿಂದ ಒಂದಿಷ್ಟು ದೂರ ಸರಿಸಿ ತಣ್ಣಗೆ ಕೇಳಿದಳು:

"ಬಾಗಿಲಾಗ ಇವನ್ನ ಹಾಕಿದ್ದು ಯಾರಂತ ಯಾರು ಕಂಡಾರಪ್ಪಾ?"

ಆ ಮಾತು ನಾಲ್ಕೂ ಗೋಡೆಗೆ ಮುಟ್ಟಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಡದೆ ಅಡಗಿಸಿಟ್ಟಳು ಎಂಬುದು ಯಾರ ಬಾಯಿಂದಲೂ ಬರಲಿಲ್ಲ, ಎಲ್ಲರ ಮುಖದಲ್ಲೂ ಬಂತು. "ನಾನೇ ಹೇಳಿದ್ದು! ಎಲುಬು ಅಂತ ನಾನೇ ಅಂದಿದ್ದು! ನನ್ನ ಮಾತಿಗೆ ಹೋದ್ಲು ಆಕಿ!" ಎಂದು ಕೂಗಿದೆ. ಕೂಗಿದ ರಭಸಕ್ಕೆ ಅಡುಗೆಮನೆಯವರೂ ಹೊರಗೆ ಬಂದರು.

ಚಿಕ್ಕಪ್ಪ ಎದ್ದು ಬಂದು ನನ್ನ ಭುಜದ ಮೇಲೆ ಕೈ ಇಟ್ಟು ಕೂರಿಸಿದರು. ಅವರ ಕಣ್ಣಲ್ಲಿ ನೀರಿತ್ತು.

"ಒಳ್ಳೆ ಗಂಡ ಅದೀಯಪ್ಪ ನೀನು. ಆದರೆ ಹೆಂಡ್ತಿ ಸಲುವಾಗಿ ಇವತ್ತೊಂದು ದಿನ ಸುಳ್ಳು ಹೇಳಬ್ಯಾಡ. ಆಗಿದ್ದು ಆಗಿ ಹೋತು. ನಾವೇನು ಆಕಿನ್ನ ಮನೆ ಬಿಟ್ಟು ಹೊರಗ ಹಾಕಿದ್ವಾ? ಕೂಡು, ಉಣ್ಣು."

ನಾಲ್ಕು ವರ್ಷದ ಹಿಂದೆ ನಾನು ಬಾಯಿ ಮುಚ್ಚಿ ನಿಂತಾಗ ಅದನ್ನು ಸತ್ಯವೆಂದು ನಂಬಿದ ಜನ, ಈಗ ಬಾಯಿ ಬಿಟ್ಟು ಸತ್ಯ ಹೇಳಿದಾಗ ಅದನ್ನು ಪ್ರೀತಿ ಎಂದು ನಂಬಿದರು. ಇನ್ನು ನಾನು ಏನು ಹೇಳಿದರೂ ಅದು ಅವಳ ಖಾತೆಗೇ ಬೀಳುತ್ತಿತ್ತು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಹೋಳಿಗೆಯ ಬುಟ್ಟಿ ಹಿಡಿದು ನಿಂತಿದ್ದಳು. ಬಂದು ಡಬ್ಬಿಯ ಮುಚ್ಚಳ ಹಾಕಿ, ಅದನ್ನು ತನ್ನ ಚೀಲದಲ್ಲಿಟ್ಟಳು. ಬುಟ್ಟಿಯನ್ನು ಅಕ್ಕನ ಸೊಸೆಯ ಕೈಗೆ ಕೊಟ್ಟಳು. ಎಲ್ಲರದೂ ಊಟ ಆಗುವವರೆಗೆ ಹಿತ್ತಲಲ್ಲಿ ಪಾತ್ರೆ ತೊಳೆದಳು. ನಾನು ಎಲೆಯ ಮುಂದೆ ಕೂತು ಎದ್ದೆ.

ಸಂಜೆಯ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ಹರಿಹರ ದಾಟಿತು, ಹೊಲಗಳು ಬಂದವು. ನಾನು ಮತ್ತೊಮ್ಮೆ ಹೋಗಿ ಅಕ್ಕನೊಬ್ಬಳಿಗೇ ಕೂರಿಸಿ ಹೇಳುತ್ತೇನೆ, ಬೇಕಾದರೆ ಡಾಕ್ಟರನ್ನೇ ಕರೆದುಕೊಂಡು ಹೋಗುತ್ತೇನೆ ಎಂದೆಲ್ಲ ಹೇಳುತ್ತಿದ್ದೆ. ಅವಳು ಕೇಳಿಸಿಕೊಂಡಳು. ದಾವಣಗೆರೆಯ ಮೊದಲ ಮನೆಗಳು ಕಾಣುವ ಹೊತ್ತಿಗೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಇಷ್ಟೆಲ್ಲಾ ಬ್ಯಾಡಾಗಿತ್ರೀ. ಎಲುಬು, ಕೇಕು, ಇದು ಯಾವುದೂ ಬ್ಯಾಡಾಗಿತ್ತು. ಅವತ್ತು ಆಸ್ಪತ್ರ್ಯಾಗ, 'ದಿನಾ ಕೊಡ್ತಿದ್ಲು, ನಾನು ನೋಡೀನಿ' ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಅವತ್ತು ನಂಬತಿದ್ರು."

ಕಂಡಕ್ಟರ್ ಸೀಟಿ ಊದಿದ. ಅವಳು ಚೀಲ ಎತ್ತಿಕೊಂಡು ಇಳಿಯಲು ಎದ್ದಳು.